ಮಳೆಗೆ ಮೈಯೊಡ್ಡಿ ನಿಂತ ಕೆಂಪು ಇಗರ್ಜಿ

ಗೋವಾ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಕಡಲತೀರ. ಬೆಳಗಾವಿ, ಹುಬ್ಬಳ್ಳಿ, ಕಾರವಾರದ ಕಡೆಯಿಂದ ಶನಿವಾರ ಹೊರಟು ಭಾನುವಾರ ರಾತ್ರಿ ಮನೆ ಸೇರುವವರು ಅಲೆಗಳಲ್ಲಿ ಆಡಿ, ಮೀನೂಟ ಮಾಡಿ ಮರಳುತ್ತಾರೆ. ಆದರೆ ಪಣಜಿಯಿಂದ ಮಾಂಡೋವಿ ನದಿಯ ಬದಿಗೇ ಸುಮಾರು ಹತ್ತು ಕಿಲೋಮೀಟರು ಹೋದರೆ ಇನ್ನೊಂದು ಗೋವಾ ಇದೆ. ಅದೇ ಹಳೇ ಗೋವಾ. ಅಲ್ಲಿಗೆ ಕರೆದೊಯ್ಯುವ ಸರ್ಕಾರಿ ಬಸ್ಸಿನ ಮೇಲೆ ‘ಕದಂಬ’ ಎಂದು ಬರೆದಿರುತ್ತದೆ. ಹೌದು, ನಮ್ಮ ಬನವಾಸಿಯ ಕದಂಬರ ಹೆಸರೇ. ಅವರದೇ ಒಂದು ಶಾಖೆ ಹಿಂದೆ ಗೋವಾವನ್ನು ಆಳಿತ್ತು.

ಕದಂಬರ ನಂತರ ಈ ನೆಲ ಹಲವರ ಕೈ ದಾಟಿ ವಿಜಯಪುರದ ಆದಿಲ್ ಶಾಹಿಗಳಿಗೆ ಸೇರಿತು. 1510ರ ನವೆಂಬರ್ 25ರಂದು ಪೋರ್ಚುಗೀಸರ ಅಲ್ಬುಕರ್ಕ್ ಅವರಿಂದ ಇದನ್ನು ಗೆದ್ದುಕೊಂಡ. ಮುಂದೆ ಇದು ಏಷ್ಯಾದಲ್ಲಿ ಪೋರ್ಚುಗೀಸರ ರಾಜಧಾನಿಯಾಗಿ, ಹಡಗುಗಳು ಬಂದು ಹೋಗುವ ದೊಡ್ಡ ನಗರವಾಗಿ ಬೆಳೆಯಿತು. ಆಮೇಲೆ ಸಾಂಕ್ರಾಮಿಕ ರೋಗಗಳು ಮತ್ತೆ ಮತ್ತೆ ಬಂದವು. ಜನ ಊರು ಬಿಟ್ಟರು. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ಮನೆ, ಅಂಗಡಿ, ಅರಮನೆಗಳೆಲ್ಲ ಮಣ್ಣಾದರೂ ಇಗರ್ಜಿಗಳು ಉಳಿದವು. 1986ರಲ್ಲಿ ಯುನೆಸ್ಕೊ ಇಲ್ಲಿನ ಇಗರ್ಜಿಗಳನ್ನೂ ಮಠಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ಅತಿ ಹೆಚ್ಚು ಯಾತ್ರಿಕರು ಬರುವುದು ಬೋಮ್ ಜೀಸಸ್ ಬೆಸಿಲಿಕಾಕ್ಕೆ.

ಗಂಟೆ ಬಾರಿಸುತ್ತ ಬಂದ ಗುರು

ಬೋಮ್ ಜೀಸಸ್ ಎಂದರೆ ಪೋರ್ಚುಗೀಸ್ ಭಾಷೆಯಲ್ಲಿ ‘ಒಳ್ಳೆಯ ಯೇಸು’. ಇಗರ್ಜಿಯ ಕೆಲಸ 1594ರಲ್ಲಿ ಶುರುವಾಗಿ, 1605ರಲ್ಲಿ ಪ್ರತಿಷ್ಠೆ ನಡೆಯಿತು. ಆದರೆ ಜನ ಬರುವುದು ಮುಖ್ಯವಾಗಿ ಇಲ್ಲಿರುವ ಸಂತ ಫ್ರಾನ್ಸಿಸ್ ಝೇವಿಯರರ ದರ್ಶನಕ್ಕೆ. ಗೋವಾದವರು ಅವರನ್ನು ಪ್ರೀತಿಯಿಂದ ‘ಗೊಂಯ್ಚೊ ಸಾಯಬ್’, ಅಂದರೆ ಗೋವಾದ ಒಡೆಯ ಎನ್ನುತ್ತಾರೆ.

ಈ ಒಡೆಯ ಹುಟ್ಟಿದ್ದು ಮಾತ್ರ ಬಹು ದೂರದಲ್ಲಿ, ಇಂದಿನ ಸ್ಪೇನಿಗೆ ಸೇರಿದ ನವಾರ್ರಾದಲ್ಲಿ, 1506ರಲ್ಲಿ. ಪ್ಯಾರಿಸಿನಲ್ಲಿ ಓದುವಾಗ ಇಗ್ನೇಷಿಯಸ್ ಲೊಯೊಲಾ ಅವರ ಗೆಳೆತನವಾಯಿತು. ಇಬ್ಬರೂ ಕೆಲವು ಸಂಗಡಿಗರೊಡನೆ ಯೇಸುಸಭೆಯನ್ನು ಕಟ್ಟಿದರು. 1542ರ ಮೇ ತಿಂಗಳಲ್ಲಿ ಝೇವಿಯರ್ ಗೋವಾಕ್ಕೆ ಬಂದಿಳಿದರು. ಆಸ್ಪತ್ರೆಯ ರೋಗಿಗಳನ್ನೂ ಸೆರೆಮನೆಯ ಕೈದಿಗಳನ್ನೂ ನೋಡಿಕೊಳ್ಳುತ್ತಿದ್ದರು. ಬೀದಿಯಲ್ಲಿ ಕೈಗಂಟೆ ಬಾರಿಸುತ್ತ ಮಕ್ಕಳನ್ನು ಪಾಠಕ್ಕೆ ಕರೆಯುತ್ತಿದ್ದರು. ಆಮೇಲೆ ತಮಿಳು ಕರಾವಳಿ, ಮಲಕ್ಕಾ, ಜಪಾನ್ ಸುತ್ತಿದರು. ಚೀನಾಕ್ಕೆ ಹೋಗಲು ದೋಣಿಗಾಗಿ ಕಾಯುತ್ತಿದ್ದಾಗ, ಆ ದೇಶದ ದಡದಾಚೆಯ ಶಾಂಗ್‌ಚುವಾನ್ ದ್ವೀಪದಲ್ಲಿ ಜ್ವರ ಬಂದು 1552ರ ಡಿಸೆಂಬರ್ 3ರಂದು ತೀರಿಕೊಂಡರು. ಆಗ ಅವರಿಗೆ 46 ವರ್ಷ.

ದ್ವೀಪದಲ್ಲಿ ಸುಣ್ಣ ಹಾಕಿ ಹೂಳಿದ್ದ ದೇಹವನ್ನು ಕೆಲವು ವಾರಗಳ ನಂತರ ತೆಗೆದಾಗ ಅದು ಕೆಟ್ಟಿರಲಿಲ್ಲ ಎಂದು ಅಂದಿನವರು ಬರೆದಿಟ್ಟಿದ್ದಾರೆ. ಭಕ್ತರು ಇದನ್ನು ಪವಾಡವೆಂದೇ ನಂಬುತ್ತಾರೆ. ಮಲಕ್ಕಾದ ಮೂಲಕ ಅದು 1554ರಲ್ಲಿ ಗೋವಾ ಸೇರಿತು. 1622ರಲ್ಲಿ ರೋಮ್ ಅವರನ್ನು ಸಂತರೆಂದು ಸಾರಿತು.

ಪೆಟ್ಟಿಗೆ ಮತ್ತು ಒಂದು ದಿಂಬು

ಬೆಸಿಲಿಕಾದ ಒಳಗೆ ಕಾಲಿಟ್ಟರೆ ಎದುರಿಗೆ ಚಿನ್ನದ ಲೇಪದ ಎತ್ತರದ ಬಲಿಪೀಠ. ಅದರಲ್ಲಿ ಇಗ್ನೇಷಿಯಸರ ದೊಡ್ಡ ವಿಗ್ರಹ, ಕೆಳಗೆ ಪುಟ್ಟ ಬಾಲಯೇಸು. ಬಲಕ್ಕೆ ತಿರುಗಿದರೆ ಸಂತರ ಸಮಾಧಿ ಕಾಣುತ್ತದೆ. ಬಣ್ಣಬಣ್ಣದ ಅಮೃತಶಿಲೆಯ ಮೂರು ಅಂತಸ್ತು, ಅದರ ಮೇಲೆ ಬೆಳ್ಳಿಯ ಪೆಟ್ಟಿಗೆ.

ಪೆಟ್ಟಿಗೆಯನ್ನು 1636–37ರಲ್ಲಿ ಮಾಡಿದವರು ಗೋವಾದ ಅಕ್ಕಸಾಲಿಗರು. ಸಂತರ ಬದುಕಿನ ಘಟನೆಗಳನ್ನು ಅದರ ಬೆಳ್ಳಿಯ ಫಲಕಗಳಲ್ಲಿ ಕೊರೆದಿದ್ದಾರೆ. ಕೆಳಗಿನ ಅಮೃತಶಿಲೆಯ ಕಟ್ಟೆ ಬಂದಿದ್ದು ಇಟಲಿಯಿಂದ. ಟಸ್ಕನಿಯ ದೊರೆ ಮೂರನೇ ಕೊಸಿಮೊ ಮೆದಿಚಿಗೆ ಗೋವಾದಿಂದ ಒಂದು ಕಾಣಿಕೆ ಹೋಗಿತ್ತು: ಸಂತರ ತಲೆಯ ಕೆಳಗಿದ್ದ ದಿಂಬು. ಅದಕ್ಕೆ ಪ್ರತಿಯಾಗಿ ಆತ ಫ್ಲಾರೆನ್ಸಿನ ಶಿಲ್ಪಿ ಫೊಜ್ಜಿನಿಯಿಂದ ಈ ಕಟ್ಟೆಯನ್ನು ಮಾಡಿಸಿದ. ಕೆಲಸಕ್ಕೆ ಹತ್ತು ವರ್ಷ ಹಿಡಿಯಿತು. ಬಿಡಿಬಿಡಿಯಾಗಿ ಹಡಗಿನಲ್ಲಿ ಬಂದ ಭಾಗಗಳನ್ನು 1698ರಲ್ಲಿ ಇಲ್ಲಿ ಜೋಡಿಸಿದರು. ಒಂದು ದಿಂಬಿಗೆ ಇಷ್ಟು ದೊಡ್ಡ ಮರುಕಾಣಿಕೆ!

ಪೆಟ್ಟಿಗೆ ಎತ್ತರದಲ್ಲಿರುವುದರಿಂದ ಕೆಳಗಿನಿಂದಲೇ ನಮಸ್ಕರಿಸಬೇಕು. ಹತ್ತು ವರ್ಷಕ್ಕೊಮ್ಮೆ ಮಾತ್ರ ಅದನ್ನು ಕೆಳಗಿಳಿಸಿ, ಮೆರವಣಿಗೆಯಲ್ಲಿ ರಸ್ತೆಯಾಚೆಯ ಸೇ ಕೆಥೆಡ್ರಲ್‌ಗೆ ಒಯ್ದು ಸಾರ್ವಜನಿಕ ದರ್ಶನಕ್ಕೆ ಇಡುತ್ತಾರೆ. ಕಳೆದ ದರ್ಶನ ನಡೆದದ್ದು 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ. ಆದರೆ ವಾರ್ಷಿಕ ಹಬ್ಬಕ್ಕೆ ಅಷ್ಟು ಕಾಯಬೇಕಿಲ್ಲ. ಪ್ರತಿ ಡಿಸೆಂಬರ್ 3ರಂದು ‘ಫೆಸ್ತ್’ ಇರುತ್ತದೆ. ಅದಕ್ಕೆ ಮೊದಲು ಒಂಬತ್ತು ದಿನ ಪ್ರಾರ್ಥನೆ ನಡೆಯುತ್ತದೆ. ದೂರದ ಊರುಗಳಿಂದ ಜನ ನಡೆದೇ ಬರುತ್ತಾರೆ. ಅವರಲ್ಲಿ ಹಿಂದೂಗಳೂ ಇರುತ್ತಾರೆ. ಹರಕೆ ಹೊತ್ತು ಮಂತ್ರಾಲಯಕ್ಕೋ ಧರ್ಮಸ್ಥಳಕ್ಕೋ ನಡೆಯುವವರನ್ನು ಕಂಡ ನಮಗೆ ಈ ನೋಟ ಹೊಸದಲ್ಲ.

ಒಂದು ಕೆಂಪು, ಒಂದು ಬಿಳಿ

ಬೆಸಿಲಿಕಾದಿಂದ ಹೊರಬಂದು ಹುಲ್ಲುಹಾಸಿನ ಬದಿ ನಿಂತಿದ್ದಾಗ ಎಂಟು ವರ್ಷದ ಮಗಳು ಕೇಳಿದಳು: “ಅಪ್ಪಾ, ಆ ಇಗರ್ಜಿಗೆ ಸುಣ್ಣ ಹೊಡೆದಿದ್ದಾರೆ. ಇದಕ್ಕೆ ಯಾಕೆ ಹೊಡೆದಿಲ್ಲ? ದುಡ್ಡು ಸಾಲಲಿಲ್ವಾ?”

ಅವಳು ಕೈತೋರಿದ್ದು ಸೇ ಕೆಥೆಡ್ರಲ್ ಕಡೆಗೆ. ಅದು ಬೆಳ್ಳಗೆ ಹೊಳೆಯುತ್ತಿತ್ತು. ಹಿಂದಿದ್ದ ಬೆಸಿಲಿಕಾ ಇಟ್ಟಿಗೆಯಂತೆ ಕೆಂಪು. ಪೇಟೆಯಲ್ಲಿ ಮಾರುವ ಚಿತ್ರಪಟಗಳಲ್ಲೂ ಬೆಸಿಲಿಕಾ ಕೆಂಪೇ. ಆ ಕೆಂಪು ಬಣ್ಣಕ್ಕಾಗಿಯೇ ಜನ ಅದನ್ನು ಮೆಚ್ಚುತ್ತಾರೆ. ಆದರೆ ಎರಡೂ ಕಟ್ಟಿದ್ದು ಒಂದೇ ಕಲ್ಲಿನಿಂದ. ನಮ್ಮ ಕರಾವಳಿಯವರು ಮುರಕಲ್ಲು, ಚಿರೇಕಲ್ಲು, ಜಂಬಿಟ್ಟಿಗೆ ಎನ್ನುವ ಕಲ್ಲು ಅದು. ದಕ್ಷಿಣ ಭಾರತ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದಕ್ಕೆ ‘ಲ್ಯಾಟರೈಟ್’ ಎಂಬ ಹೆಸರನ್ನು 1807ರಲ್ಲಿ ಕೊಟ್ಟ. ಲ್ಯಾಟಿನ್ನಿನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ.

ಈ ಕಲ್ಲಿನ ಗುಣ ವಿಚಿತ್ರ. ನೆಲದಿಂದ ಕಡಿಯುವಾಗ ಮೆತ್ತಗಿರುತ್ತದೆ. ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಆದರೆ ಮೈತುಂಬ ಸಣ್ಣ ತೂತು. ಮಳೆನೀರನ್ನು ಹೀರುತ್ತದೆ, ಪಾಚಿ ಬೆಳೆಯುತ್ತದೆ, ಕ್ರಮೇಣ ಪುಡಿಯಾಗಿ ಉದುರುತ್ತದೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಅದಕ್ಕಾಗಿಯೇ ಹಳಬರು ಮುರಕಲ್ಲಿನ ಗೋಡೆಗೆ ಸುಣ್ಣದ ಗಾರೆ ಮಾಡಿ, ಮಳೆಗಾಲ ಮುಗಿದ ಮೇಲೆ ಸುಣ್ಣ ಬಳಿಯುತ್ತಿದ್ದರು. ಗೋಡೆಗೆ ಗಾರೆ ನಮಗೆ ಅಂಗಿ ಇದ್ದಂತೆ. ಹರಿದರೆ ಹೊಸದು ಹಾಕಬಹುದು, ಒಳಗಿನ ಮೈ ಉಳಿಯುತ್ತದೆ.

ಬೆಸಿಲಿಕಾದ ಹೊರಗೋಡೆಗಳಿಗೂ ಇಂಥ ಅಂಗಿ ಇತ್ತು. ಪೋರ್ಚುಗೀಸರ ಆಡಳಿತದ ಕೊನೆಗಾಲದಲ್ಲಿ, 1950ರ ದಶಕದಲ್ಲಿ, ಕಟ್ಟಡ ಇನ್ನಷ್ಟು ಪುರಾತನವಾಗಿ ಕಾಣಲೆಂದು ಗಾರೆಯನ್ನು ಕೆತ್ತಿ ತೆಗೆಸಿದರು. ಅಂದಿನಿಂದ ಇಂದಿನವರೆಗೆ ಬರಿಗಲ್ಲೇ ಮಳೆಗೆ ಮೈಯೊಡ್ಡಿ ನಿಂತಿದೆ. ಅಂದರೆ ನಾವು ಹಳೆಯದೆಂದು ಮೆಚ್ಚುವ ಆ ಕೆಂಪು ನೋಟಕ್ಕೆ ಇನ್ನೂ ನೂರು ವರ್ಷವೂ ಆಗಿಲ್ಲ!

ಮತ್ತೆ ಗಾರೆ ಮಾಡಬೇಕೆ ಎಂಬ ಚರ್ಚೆ ಗೋವಾದಲ್ಲಿ ವರ್ಷಗಳಿಂದ ನಡೆದಿದೆ. ಕಲ್ಲು ಕರಗುತ್ತಿದೆ, ತಡಮಾಡಿದರೆ ಉಳಿಸುವುದು ಕಷ್ಟ ಎನ್ನುವವರು ಒಂದು ಕಡೆ. ಕೆಂಪು ಇಗರ್ಜಿಯನ್ನೇ ನೋಡುತ್ತ ಬೆಳೆದ ನಮಗೆ ಬಿಳಿಯದು ಪರಕೀಯವಾಗಿ ಕಾಣುತ್ತದೆ ಎನ್ನುವವರು ಇನ್ನೊಂದು ಕಡೆ. ಎರಡು ಮಾತಿನ ಹಿಂದೆಯೂ ಪ್ರೀತಿ ಇದೆ. ಆದರೆ ಮಳೆ ಯಾರ ತೀರ್ಮಾನಕ್ಕೂ ಕಾಯುವುದಿಲ್ಲ.

ಮಾಡು ಹೋದರೆ ಗೋಡೆಯೂ ಹೋಗುತ್ತದೆ

ನೀರು ಏನು ಮಾಡಬಲ್ಲದು ಎಂದು ನೋಡಬೇಕಾದರೆ ಬೆಸಿಲಿಕಾದ ಸಮೀಪದ ಗುಡ್ಡ ಹತ್ತಿ. ಸಂತ ಅಗಸ್ಟೀನರ ಇಗರ್ಜಿಯ ಅವಶೇಷ ಅಲ್ಲಿದೆ. 1835ರಲ್ಲಿ ಪೋರ್ಚುಗೀಸ್ ಸರ್ಕಾರ ಮಠಗಳನ್ನು ಮುಚ್ಚಿಸಿದಾಗ ಅದು ಪಾಳುಬಿತ್ತು. 1842ರಲ್ಲಿ ಕಮಾನು ಚಾವಣಿ ಕುಸಿಯಿತು. 1931ರಲ್ಲಿ ಮುಂಭಾಗವೂ ಗೋಪುರದ ಅರ್ಧವೂ ಬಿದ್ದವು. ಈಗ ಉಳಿದಿರುವುದು 46 ಮೀಟರ್ ಎತ್ತರದ ಸೀಳು ಗೋಪುರ ಮಾತ್ರ. ಅದರ ಗಂಟೆ ಇಂದು ಪಣಜಿಯ ಮೆಟ್ಟಿಲುಗಳ ಇಗರ್ಜಿಯಲ್ಲಿ ಮೊಳಗುತ್ತದೆ. ನಮ್ಮ ಮಲೆನಾಡಿನ ಹಿರಿಯರು ಮನೆಯ ಹೆಂಚು ತಿರುವುವುದನ್ನು ಒಂದು ವರ್ಷವೂ ತಪ್ಪಿಸದಿದ್ದುದು ಏಕೆಂದು ಇಲ್ಲಿ ನಿಂತರೆ ಅರ್ಥವಾಗುತ್ತದೆ.

ಹಳೇ ಗೋವಾದಲ್ಲಿ ನೋವಿನ ಕಥೆಗಳೂ ಇವೆ. 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ಇಲ್ಲಿ ‘ಇನ್‌ಕ್ವಿಸಿಷನ್’ ಎಂಬ ಧಾರ್ಮಿಕ ವಿಚಾರಣೆಯ ನ್ಯಾಯಾಲಯವಿತ್ತು. ಅದನ್ನು ಸ್ಥಾಪಿಸಬೇಕೆಂದು ಪೋರ್ಚುಗಲ್ಲಿನ ದೊರೆಗೆ ಪತ್ರ ಬರೆದವರಲ್ಲಿ ಝೇವಿಯರರೂ ಒಬ್ಬರು. ಅದರ ಭಯ, ಯುದ್ಧ, ಬರ, ತೆರಿಗೆಗಳ ಕಾರಣಕ್ಕೆ ಎಷ್ಟೋ ಕೊಂಕಣಿ ಕುಟುಂಬಗಳು, ಹಿಂದೂಗಳೂ ಕ್ರೈಸ್ತರೂ, ದಕ್ಷಿಣಕ್ಕೆ ಹೊರಟು ಕಾರವಾರ, ಕುಮಟಾ, ಉಡುಪಿ, ಮಂಗಳೂರುಗಳಲ್ಲಿ ನೆಲೆ ಕಂಡವು. ನಿಮ್ಮ ತರಗತಿಯಲ್ಲಿ ಮನೆಯಲ್ಲಿ ಕೊಂಕಣಿ ಮಾತನಾಡುವ ಗೆಳೆಯರಿದ್ದರೆ ಅವರ ಅಜ್ಜಿಯನ್ನು ಕೇಳಿ ನೋಡಿ. ಪಯಣದ ಕಥೆ ಅವರ ಮನೆಯಲ್ಲೇ ಇರಬಹುದು.

ಹೋಗುವವರಿಗೆ

ಮಂಗಳೂರು, ಕಾರವಾರದಿಂದ ಕೊಂಕಣ ರೈಲಿನಲ್ಲಿ ಬರುವವರಿಗೆ ಕರ್ಮಳಿ ನಿಲ್ದಾಣ ಹತ್ತಿರ. ಬಿಸಿಲು ಏರುವ ಮೊದಲೇ ಬನ್ನಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಫೋಟೊ ತೆಗೆಯುವ ಮೊದಲು ಅಲ್ಲಿನ ಫಲಕ ಓದಿ. ಕೊಂಕಣಿಯಲ್ಲಿ ಬಲಿಪೂಜೆ ನಡೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕುಳಿತುಕೊಳ್ಳಿ. ನಾವು ನೋಡಲು ಹೋದ ಜಾಗಕ್ಕೆ ಬೇರೆ ಯಾರೋ ಕಷ್ಟ ಹೇಳಿಕೊಳ್ಳಲು ಬಂದಿರುತ್ತಾರೆ.

ಮಕ್ಕಳಿಗೆ ಒಂದು ಮಾತು. ಗೋಡೆಯ ಹತ್ತಿರ ಹೋಗಿ ಕಲ್ಲಿನ ತೂತುಗಳನ್ನು ನೋಡಿ, ಬುಡದಲ್ಲಿ ಉದುರಿದ ಕೆಂಪು ಪುಡಿ ಕಾಣುತ್ತದೆಯೇ ಹುಡುಕಿ. ಉಗುರಿನಿಂದ ಕೆರೆಯಬೇಡಿ, ಹೆಸರು ಕೊರೆಯಬೇಡಿ. ನಾನೂರಕ್ಕೂ ಹೆಚ್ಚು ಮಳೆಗಾಲ ಕಂಡ ಗೋಡೆ ಅದು. ಮುಂದಿನ ಮಳೆಗಾಲಗಳಿಗೂ ಅದು ಉಳಿಯಬೇಕು.