ಪಿಕಪ್‌ಗೆ ಕಸಿ ಮಾಡಿದ ಆಕ್ಸಲ್: ಲೋಹದ ದಪ್ಪಕ್ಕಿಂತ ಕೋನದ ಲೆಕ್ಕ ದೊಡ್ಡದು

ಅಮೆರಿಕದಲ್ಲಿ ಟೊಯೋಟಾ ಕಂಪನಿ 1979ರಿಂದ 1985ರವರೆಗೆ ಮಾರಿದ ಫೋರ್-ವೀಲ್ ಪಿಕಪ್‌ಗಳ ಮುಂದಿನ ಎರಡೂ ಚಕ್ರಗಳನ್ನು ಒಂದೇ ಉಕ್ಕಿನ ಹೌಸಿಂಗ್ ಜೋಡಿಸಿತ್ತು. ಡಿಫರೆನ್ಷಿಯಲ್, ಶಾಫ್ಟ್‌ಗಳು ಎಲ್ಲವೂ ಅದರ ಹೊಟ್ಟೆಯೊಳಗೇ. ಗಟ್ಟಿ ಆಕ್ಸಲ್ ಎನ್ನುವುದು ಇದನ್ನೇ. 1986ರ ಮಾದರಿಯಲ್ಲಿ ಕಂಪನಿ ಅದನ್ನು ಕೈಬಿಟ್ಟು, ಎಡ ಬಲ ಚಕ್ರಗಳು ಬೇರೆಬೇರೆಯಾಗಿ ಏರಿಳಿಯುವ ಸ್ವತಂತ್ರ ಸಸ್ಪೆನ್ಷನ್ ತಂದಿತು. ಎರಡು ವರ್ಷಗಳ ನಂತರ ಷೆವ್ರೊಲೆ ಪಿಕಪ್ ಕೂಡ ಅದೇ ದಾರಿ ಹಿಡಿಯಿತು. ಕಾರ್ಖಾನೆ ಮಾಡಿದ್ದನ್ನು ಹಿಂದಕ್ಕೆ ತಿರುಗಿಸುವ ಕಸುಬು ಅಲ್ಲಿಂದ ಬೆಳೆದುಬಂತು. ಬಂಡೆ, ಹಳ್ಳ, ಕೆಸರಿನಲ್ಲಿ ಗಾಡಿ ಓಡಿಸುವ ಅಮೆರಿಕದ ಹವ್ಯಾಸಿಗಳು ಹೊಸ ಪಿಕಪ್‌ನ ಮುಂಭಾಗವನ್ನು ಪೂರ್ತಿ ಬಿಚ್ಚಿ, ಹಳೆಯ ಟೊಯೋಟಾದ್ದೋ ಗುಜರಿಗೆ ಬಂದ ಫೋರ್ಡ್ ಟ್ರಕ್ಕಿನದೋ ಗಟ್ಟಿ ಆಕ್ಸಲ್ ತಂದು ಕೂರಿಸುತ್ತಾರೆ. ಈ ಕಸಿಯನ್ನು ಸಮರ್ಥಿಸುವವರ ಬಾಯಲ್ಲಿ ಮೊದಲು ಬರುವ ಮಾತು ಬಲದ್ದು: ದಪ್ಪ ಲೋಹ, ದೊಡ್ಡ ಹಲ್ಲು, ಮುರಿಯದ ಶಾಫ್ಟ್. ಆ ಮಾತು ಸುಳ್ಳಲ್ಲ. ಆದರೆ ದಾನಿ ಗಾಡಿಯಿಂದ ಬಲವನ್ನು ತರುವುದು ಈ ಕೆಲಸದ ಸುಲಭದ ಭಾಗ. ಕಸಿ ಕೂಡಿತೇ ಕೆಟ್ಟಿತೇ ಎಂಬುದನ್ನು ನಿರ್ಧರಿಸುವುದು ಕೆಲವೇ ಡಿಗ್ರಿಗಳ ಕೋನಗಳು.

ಮೊದಲು ಬಲದ ಲೆಕ್ಕವನ್ನೇ ನೋಡೋಣ. ಆ ಕಾಲದ ಟೊಯೋಟಾದ 2.4 ಲೀಟರ್ ಪೆಟ್ರೋಲ್ ಎಂಜಿನ್ ಕೊಡುತ್ತಿದ್ದ ತಿರುಗುಬಲ ಸುಮಾರು 190 ನ್ಯೂಟನ್-ಮೀಟರ್. ಮೊದಲ ಗೇರ್ ಅದನ್ನು ಸುಮಾರು ನಾಲ್ಕು ಪಟ್ಟು ಹೆಚ್ಚಿಸುತ್ತದೆ, ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಲೋ ಗೇರ್ 2.28 ಪಟ್ಟು, ಆಕ್ಸಲ್‌ನೊಳಗಿನ ಕ್ರೌನ್-ಪಿನಿಯನ್ 4.1 ಪಟ್ಟು. ಗುಣಿಸಿದರೆ ಏಳು ಸಾವಿರ ನ್ಯೂಟನ್-ಮೀಟರ್ ದಾಟುತ್ತದೆ. ಸಾಮಾನ್ಯ ನೆಲದಲ್ಲಿ ಇಷ್ಟು ಬಲ ಬಂದರೆ ಟೈರ್ ಜಾರಿ ಸುತ್ತುತ್ತದೆ, ಯಾವುದೂ ಮುರಿಯುವುದಿಲ್ಲ. ಚಕ್ರ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡರೆ ಮಾತ್ರ ಜಾರಲು ಜಾಗವಿರುವುದಿಲ್ಲ. ಆಗ ಸಾಲಿನಲ್ಲಿರುವ ಅತಿ ದುರ್ಬಲ ಭಾಗ ಮುರಿಯುತ್ತದೆ. ಸ್ವತಂತ್ರ ಸಸ್ಪೆನ್ಷನ್‌ನಲ್ಲಿ ಆ ಭಾಗ ಸಾಮಾನ್ಯವಾಗಿ ಚಕ್ರಕ್ಕೆ ಶಕ್ತಿ ಒಯ್ಯುವ ಸಿ.ವಿ. ಜಾಯಿಂಟ್. ಗಾಡಿಯನ್ನು ಎತ್ತರಿಸಿದಷ್ಟೂ ಈ ಜಾಯಿಂಟ್ ಹೆಚ್ಚು ಬಾಗಿದ ಸ್ಥಿತಿಯಲ್ಲೇ ತಿರುಗಬೇಕಾಗುತ್ತದೆ, ಬಾಗಿದಷ್ಟೂ ಅದು ತಾಳುವ ಬಲ ಕಡಿಮೆಯಾಗುತ್ತದೆ, ರಬ್ಬರ್ ಹೊದಿಕೆ ಬೇಗ ಹರಿಯುತ್ತದೆ. ಗಟ್ಟಿ ಆಕ್ಸಲ್‌ನಲ್ಲಿ ಶಾಫ್ಟ್ ಹೌಸಿಂಗ್‌ನೊಳಗೆ ಯಾವಾಗಲೂ ನೇರ. ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ಜಾಯಿಂಟ್ ಬಾಗುತ್ತದೆ. ಗಾತ್ರದ ಅಂತರವೂ ದೊಡ್ಡದು: 1986ರ ನಂತರದ ಟೊಯೋಟಾ ಪಿಕಪ್‌ನ ಮುಂದಿನ ಕ್ರೌನ್ ವೀಲ್‌ನ ವ್ಯಾಸ 7.5 ಇಂಚು, ಭಾರಿ ಫೋರ್ಡ್ ಟ್ರಕ್ಕುಗಳಲ್ಲಿ ಬರುವ ಡಾನಾ 60 ಆಕ್ಸಲ್‌ನದು 9.75 ಇಂಚು.

ಲೋಹಕ್ಕಿಂತ ಬೆಲೆಬಾಳುವ ಲಾಭ ಇನ್ನೊಂದಿದೆ, ಅದು ಚಲನೆಯ ಲಾಭ. ಗಟ್ಟಿ ಆಕ್ಸಲ್ ತಕ್ಕಡಿಯ ದಂಡಿಗೆಯಿದ್ದಂತೆ. ಒಂದು ತುದಿಯ ಚಕ್ರ ಬಂಡೆ ಹತ್ತಿದರೆ ಇನ್ನೊಂದು ತುದಿ ತಾನಾಗಿ ಕೆಳಕ್ಕೆ ಒತ್ತಲ್ಪಡುತ್ತದೆ, ನೆಲದ ಹಿಡಿತ ಎರಡೂ ಕಡೆ ಉಳಿಯುತ್ತದೆ. ಚಕ್ರ ಮೇಲೇರುವಾಗ ಡಿಫರೆನ್ಷಿಯಲ್ ಕೂಡ ಅದರ ಜೊತೆ ಮೇಲೇರಿ ಬಂಡೆಯಿಂದ ದೂರ ಸರಿಯುತ್ತದೆ. ಸ್ವತಂತ್ರ ಸಸ್ಪೆನ್ಷನ್‌ನಲ್ಲಿ ಡಿಫರೆನ್ಷಿಯಲ್ ಚಾಸಿಗೆ ಬಿಗಿದಿರುವುದರಿಂದ ಸ್ಪ್ರಿಂಗ್ ಕುಗ್ಗಿದಾಗ ಅದೂ ಗಾಡಿಯ ಜೊತೆ ನೆಲದ ಕಡೆಗೆ ಇಳಿಯುತ್ತದೆ. ನಿಧಾನವಾಗಿ, ಒಂದೊಂದೇ ಚಕ್ರದ ಜಾಗ ನೋಡಿ ಬಂಡೆ ಏರುವವರಿಗೆ ಈ ಗುಣ ನಿಜವಾಗಿಯೂ ಬೇಕು.

ಇನ್ನು ಕೋನಗಳ ವಿಷಯ. ಮುಂದಿನ ಚಕ್ರ ತಿರುಗುವ ಅಕ್ಷ ನೆಟ್ಟಗೆ ನಿಂತಿರುವುದಿಲ್ಲ, ಅದರ ಮೇಲ್ತುದಿ ತುಸು ಹಿಂದಕ್ಕೆ ವಾಲಿರುತ್ತದೆ. ಕ್ಯಾಸ್ಟರ್ ಎನ್ನುವುದು ಇದನ್ನೇ. ನಾಲ್ಕರಿಂದ ಆರು ಡಿಗ್ರಿಯ ಈ ವಾಲುವಿಕೆಯಿಂದಲೇ ಗಾಡಿ ಹೆದ್ದಾರಿಯಲ್ಲಿ ನೇರ ಓಡುತ್ತದೆ, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ಮಧ್ಯಕ್ಕೆ ಬರುತ್ತದೆ. ಗಟ್ಟಿ ಆಕ್ಸಲ್‌ನಲ್ಲಿ ಆ ಅಕ್ಷವನ್ನು ಹಿಡಿಯುವ ಕವಲುಗಳನ್ನು ಹೌಸಿಂಗ್‌ನ ಎರಡು ತುದಿಗಳಿಗೆ ವೆಲ್ಡ್ ಮಾಡಿರುತ್ತಾರೆ. ಪಿನಿಯನ್ ಹೊರಬರುವ ದಿಕ್ಕೂ ಅದೇ ಹೌಸಿಂಗ್‌ನಲ್ಲಿ ನಿಗದಿಯಾಗಿರುತ್ತದೆ. ತೊಡಕು ಶುರುವಾಗುವುದೇ ಇಲ್ಲಿ. ಕಸಿ ಮಾಡಿದ ಗಾಡಿ ಎತ್ತರವಾಗುತ್ತದೆ, ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ ಆಕ್ಸಲ್‌ಗೆ ಬರುವ ಪ್ರೊಪೆಲ್ಲರ್ ಶಾಫ್ಟ್ ಕಡಿದಾಗುತ್ತದೆ. ಅದರ ಜಾಯಿಂಟ್‌ಗಳು ಅದುರದಿರಲಿ ಎಂದು ಪಿನಿಯನ್‌ನ ಮೂತಿಯನ್ನು ಮೇಲಕ್ಕೆತ್ತಲು ಹೌಸಿಂಗನ್ನೇ ತಿರುಗಿಸುತ್ತಾರೆ. ಐದು ಡಿಗ್ರಿ ತಿರುಗಿಸಿದರೆ ಕ್ಯಾಸ್ಟರ್‌ನಿಂದ ಅದೇ ಐದು ಡಿಗ್ರಿ ಕಳೆದುಹೋಗುತ್ತದೆ. ಶಾಫ್ಟ್ ಸುಗಮವಾಯಿತು, ಗಾಡಿ ಮಾತ್ರ ರಸ್ತೆಯಲ್ಲಿ ಅಲೆಯತೊಡಗಿತು. ಎರಡನ್ನೂ ಉಳಿಸಿಕೊಳ್ಳಬೇಕಾದರೆ ತುದಿಯ ವೆಲ್ಡ್ ಕತ್ತರಿಸಿ, ಕವಲುಗಳನ್ನು ಹಿಂದಕ್ಕೆ ತಿರುಗಿಸಿ, ಮತ್ತೆ ವೆಲ್ಡ್ ಮಾಡಬೇಕು. ಇಡೀ ಗಾಡಿಯ ಮುಂಭಾರ ಹೊರುವ ವೆಲ್ಡ್ ಅದು. ಪಿನಿಯನ್ ಎತ್ತರದಲ್ಲಿರುವ ಫೋರ್ಡ್‌ನ ಡಾನಾ 60 ಆಕ್ಸಲ್‌ಗೆ ಗುಜರಿಯಲ್ಲಿ ಬೇಡಿಕೆ ಹೆಚ್ಚಿರುವುದಕ್ಕೆ ಅದರ ದಪ್ಪದಷ್ಟೇ ಈ ಕಾರಣವೂ ಇದೆ. ಪಿನಿಯನ್ ಮೊದಲೇ ಮೇಲಿದ್ದರೆ ತಿರುಗಿಸಬೇಕಾದ ಕೋನ ಕಡಿಮೆ.

ಸ್ಟೀರಿಂಗ್‌ನ ಕಂಬಿಗಳದೂ ಕೋನದ ಕಥೆಯೇ. ಚಾಸಿಗೆ ಬಿಗಿದ ಸ್ಟೀರಿಂಗ್ ಬಾಕ್ಸಿನಿಂದ ಚಕ್ರದವರೆಗೆ ಹೋಗುವ ಡ್ರ್ಯಾಗ್ ಲಿಂಕ್, ಆಕ್ಸಲ್ ಏರಿಳಿದಾಗ ಒಂದು ಕಮಾನಿನ ದಾರಿಯಲ್ಲಿ ಚಲಿಸುತ್ತದೆ. ಕಾಯಿಲ್ ಸ್ಪ್ರಿಂಗ್ ಇರುವ ಗಾಡಿಯಲ್ಲಿ ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಹಿಡಿಯುವ ಟ್ರ್ಯಾಕ್ ಬಾರ್ ಕೂಡ ಇನ್ನೊಂದು ಕಮಾನಿನಲ್ಲಿ ಚಲಿಸುತ್ತದೆ. ಎರಡೂ ಸರಿಸುಮಾರು ಒಂದೇ ಉದ್ದವಿದ್ದು ಸಮಾನಾಂತರವಾಗಿದ್ದರೆ ಕಮಾನುಗಳು ಹೊಂದುತ್ತವೆ. ಇಲ್ಲವಾದರೆ ಚಾಲಕ ಸ್ಟೀರಿಂಗ್ ಮುಟ್ಟದಿದ್ದರೂ ಉಬ್ಬು ಸಿಕ್ಕಾಗೆಲ್ಲ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಉಳಿದ ಹೊಂದಾಣಿಕೆಗಳು ಲೆಕ್ಕಕ್ಕೆ ಸುಲಭ, ಮರೆತರೆ ದುಬಾರಿ. ಮುಂದೆ 3.73, ಹಿಂದೆ 4.10 ಅನುಪಾತವಿದ್ದರೆ ಫೋರ್-ವೀಲ್ ಹಾಕಿದ ಕೂಡಲೇ ಮುಂದಿನ ಹಿಂದಿನ ಚಕ್ರಗಳ ವೇಗದಲ್ಲಿ ಶೇಕಡ 10ರಷ್ಟು ಜಗಳ ಹುಟ್ಟುತ್ತದೆ. ಡಿಫರೆನ್ಷಿಯಲ್ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದು ಟ್ರಾನ್ಸ್‌ಫರ್ ಕೇಸಿಗೆ ಹೊಂದಬೇಕು. ಟೊಯೋಟಾ ಚಕ್ರಕ್ಕೆ ಆರು ಬೋಲ್ಟ್, ಫೋರ್ಡ್ ಸೂಪರ್ ಡ್ಯೂಟಿಗೆ ಎಂಟು.

ಇಷ್ಟು ಕಷ್ಟಪಟ್ಟು ಎಂಜಿನಿಯರುಗಳೇ ಬಿಟ್ಟ ವಿನ್ಯಾಸಕ್ಕೆ ಮರಳುವುದೇಕೆ ಎಂಬ ಆಕ್ಷೇಪವಿದೆ. ಇದನ್ನು ಗೌರವದಿಂದಲೇ ಕೇಳಬೇಕು, ಏಕೆಂದರೆ ಬಿಟ್ಟಿದ್ದಕ್ಕೆ ಗಟ್ಟಿ ಕಾರಣಗಳಿದ್ದವು. ರೋಲ್ಸ್-ರಾಯ್ಸ್‌ನಿಂದ ಜನರಲ್ ಮೋಟರ್ಸ್‌ಗೆ ಬಂದ ಮಾರಿಸ್ ಆಲಿ 1930ರ ದಶಕದಲ್ಲಿ ಗಟ್ಟಿ ಆಕ್ಸಲ್‌ನ ಸಮಸ್ಯೆಗಳ ಮೇಲೆ ಕೆಲಸ ಮಾಡಿದರು, 1934ರ ಮಾದರಿಗಳಲ್ಲಿ ಆ ಕಂಪನಿ ಸ್ವತಂತ್ರ ಮುಂಭಾಗ ತಂದಿತು. ಗಟ್ಟಿ ಆಕ್ಸಲ್‌ನ ಒಂದು ಚಕ್ರ ಏರಿದರೆ ಎರಡೂ ಚಕ್ರಗಳು ಒಟ್ಟಿಗೆ ವಾಲುತ್ತವೆ. ವೇಗವಾಗಿ ತಿರುಗುತ್ತಿರುವ ಚಕ್ರವನ್ನು ವಾಲಿಸಿದರೆ ಗೈರೋಸ್ಕೋಪ್ ನಿಯಮದಂತೆ ಅದು ಸ್ಟೀರಿಂಗ್ ದಿಕ್ಕಿಗೆ ಹೊರಳುತ್ತದೆ, ಎಡಬಲ ನಡುಗುವ ಓಲಾಟ ಶುರುವಾಗಬಹುದು. ಭಾರದ ಲೆಕ್ಕವೂ ಇದೆ. ಟೈರಿನ ಬಿಗಿತ ಮಿಲಿಮೀಟರ್‌ಗೆ 250 ನ್ಯೂಟನ್ ಎಂದುಕೊಂಡರೆ, ಸ್ಪ್ರಿಂಗ್‌ನ ಕೆಳಗಿನ 50 ಕಿಲೋ ಭಾರ ಸೆಕೆಂಡಿಗೆ ಸುಮಾರು 11 ಬಾರಿ ಪುಟಿಯುತ್ತದೆ. ಭಾರ 100 ಕಿಲೋ ಆದರೆ 8 ಬಾರಿ. ಭಾರವಾದ ಚಕ್ರ ನೆಲದ ಏರಿಳಿತವನ್ನು ತಡವಾಗಿ ಹಿಂಬಾಲಿಸುತ್ತದೆ, ಒರಟು ರಸ್ತೆಯಲ್ಲಿ ವೇಗ ಹೆಚ್ಚಿದಂತೆ ಹಿಡಿತ ಕಳೆದುಕೊಳ್ಳುತ್ತದೆ. ಆದರೆ ಈ ಸಾಕ್ಷ್ಯವನ್ನೆಲ್ಲ ಇನ್ನೊಮ್ಮೆ ಓದಿದರೆ ಪ್ರತಿಯೊಂದರಲ್ಲೂ ವೇಗ ಎಂಬ ಷರತ್ತು ಅಡಗಿದೆ. ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಬಂಡೆ ಏರುವಾಗ ಗೈರೋಸ್ಕೋಪ್ ಬಲ ನಗಣ್ಯ, ಪುಟಿತದ ಪ್ರಶ್ನೆಯೇ ಇಲ್ಲ. 2018ರಲ್ಲಿ ಮರ್ಸಿಡಿಸ್ ಜಿ-ಕ್ಲಾಸ್, 2020ರಲ್ಲಿ ಲ್ಯಾಂಡ್ ರೋವರ್ ಡಿಫೆಂಡರ್ ಗಟ್ಟಿ ಮುಂದಿನ ಆಕ್ಸಲ್ ಬಿಟ್ಟವು. ಫೋರ್ಡ್ ಸೂಪರ್ ಡ್ಯೂಟಿಯ ಫೋರ್-ವೀಲ್ ಟ್ರಕ್ಕು, ಜೀಪ್ ರಾಂಗ್ಲರ್, ಸುಜುಕಿ ಜಿಮ್ನಿ ಉಳಿಸಿಕೊಂಡವು. ಹಳೆಯದು ಹೊಸದು ಎಂಬ ವಿಂಗಡಣೆಯಿಂದ ಇದು ಅರ್ಥವಾಗುವುದಿಲ್ಲ, ಯಾವ ಗಾಡಿಯಿಂದ ಯಾವ ಕೆಲಸ ಎಂಬುದರಿಂದ ಅರ್ಥವಾಗುತ್ತದೆ.

ಮಗುಚುವ ಭಯ ಇನ್ನೊಂದು ಆಕ್ಷೇಪ. ಎರಡು ಚಕ್ರಗಳ ನಡುವಿನ ಅಗಲವನ್ನು ಗುರುತ್ವಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಬರುವ ಸಂಖ್ಯೆ ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಅಗಲ 1.5 ಮೀಟರ್, ಎತ್ತರ 0.75 ಮೀಟರ್ ಇದ್ದರೆ ಉತ್ತರ 1. ಎತ್ತರವನ್ನು 10 ಸೆಂಟಿಮೀಟರ್ ಏರಿಸಿದರೆ 0.88ಕ್ಕೆ ಇಳಿಯುತ್ತದೆ. ದಾನಿ ಆಕ್ಸಲ್ ಅಗಲವಾಗಿದ್ದು 1.7 ಮೀಟರ್ ಸಿಕ್ಕರೆ ಮತ್ತೆ 1ಕ್ಕೆ ಬರುತ್ತದೆ. ಅಂದರೆ ಅಗಲದ ಆಕ್ಸಲ್ ಆರಿಸಿದವರು ಈ ಆಕ್ಷೇಪಕ್ಕೆ ಉತ್ತರ ಕೊಡಬಲ್ಲರು. ಎಲೆಕ್ಟ್ರಾನಿಕ್ ಸ್ಥಿರತೆ ನಿಯಂತ್ರಣದ ಪ್ರಶ್ನೆಗೆ ಮಾತ್ರ ನನಗೆ ತೃಪ್ತಿಕರ ಉತ್ತರ ಕಾಣುವುದಿಲ್ಲ. ಅಮೆರಿಕದಲ್ಲಿ 2012ರ ಮಾದರಿಯಿಂದ ಹಗುರ ವಾಹನಗಳಿಗೆಲ್ಲ ಅದು ಕಡ್ಡಾಯ. ಆ ಸಾಫ್ಟ್‌ವೇರಿನ ಲೆಕ್ಕ ನಿಂತಿರುವುದು ಕಾರ್ಖಾನೆಯ ಸ್ಟೀರಿಂಗ್, ಟೈರ್, ಎತ್ತರಗಳ ಮೇಲೆ. ಅವೆಲ್ಲ ಬದಲಾದ ಮೇಲೆ ಅದು ಸರಿಯಾದ ಕ್ಷಣದಲ್ಲಿ ಸರಿಯಾದ ಚಕ್ರಕ್ಕೆ ಬ್ರೇಕ್ ಹಾಕುತ್ತದೆಂದು ನಂಬಲು ಆಧಾರವಿಲ್ಲ. ಹಾಗಾಗಿ ಹಳೆಯ, ಸರಳ ಪಿಕಪ್‌ಗೆ, ಬಹುಪಾಲು ಕಾಡುದಾರಿಯಲ್ಲೇ ಓಡುವ ಗಾಡಿಗೆ ಈ ಕಸಿ ಒಪ್ಪುತ್ತದೆ. ದಿನವೂ ಹೆದ್ದಾರಿಯಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ಹೊಸ ಪಿಕಪ್‌ಗೆ ಒಪ್ಪುವುದಿಲ್ಲ.

ನಮ್ಮ ಮಲೆನಾಡಿನ ತೋಟದ ದಾರಿಗಳಲ್ಲಿ ಜೀಪು ಓಡಿಸುವವರಿಗೂ ಈ ಆಸೆ ಹುಟ್ಟಬಹುದು. ಅವರು ಒಂದು ವಿಷಯ ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಗಟ್ಟಿ ಆಕ್ಸಲ್ ಬೇಕೆನ್ನುವವರು ದಯವಿಟ್ಟು ಗುಜರಿಯ ಕಡೆ ನೋಡುವುದನ್ನು ಬಿಟ್ಟು, ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್ ಇಟ್ಟೇ ಕಾರ್ಖಾನೆಯಿಂದ ಬಂದ ಹಳೆಯ ಜಿಪ್ಸಿಯನ್ನೋ ಇಂದಿನ ಜಿಮ್ನಿಯನ್ನೋ ಕೊಳ್ಳಲಿ.