ಉದ್ದ ಲಗಾಮು

ವಿಜಯನಗರದ ಕಾಲದಲ್ಲಿ ಅರಬೀ ಕುದುರೆಗಳು ಭಟ್ಕಳದಲ್ಲಿಳಿದು ಘಟ್ಟ ಹತ್ತುತ್ತಿದ್ದುವು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಗದ್ದೆಗಳಲ್ಲಿ ಮಾತ್ರ ಎತ್ತಿನದೇ ದರ್ಬಾರು. ಎತ್ತಿನ ಹಿಂದೆ ನಡೆದು ಹಗ್ಗದಿಂದ, ದನಿಯಿಂದ ಅದನ್ನು ತಿದ್ದಬಲ್ಲ ಅಲ್ಲಿಯ ರೈತನಿಗೆ, ಎಳೆಯ ಕುದುರೆಯನ್ನು ಸವಾರನಿಲ್ಲದೆ ಉದ್ದ ಲಗಾಮಿನಿಂದ ಪಳಗಿಸುವ ವಿದ್ಯೆ ಅಪರಿಚಿತವೆನಿಸದು. ಎತ್ತಿಗೆ ಮೂಗುದಾರ, ಕುದುರೆಗೆ ಕಡಿವಾಣ. ಆಯ್ಕೆ ತಪ್ಪಿದರೆ ನೋಯುವುದು ಮೂಕಪ್ರಾಣಿಯ ಬಾಯಿ.

ಆದುದರಿಂದ ಕಡಿವಾಣ ನಯವಾಗಿ, ಸರಳವಾಗಿರಲಿ. ಲಗಾಮಿಗೆ ಏಳೆಂಟು ಮೀಟರ್ ಉದ್ದದ ಎರಡು ಹತ್ತಿಹಗ್ಗ ಸಾಕು. ನೈಲಾನ್ ಜಾರಿದರೆ ಅಂಗೈ ಸುಲಿದೀತು. ತೆಂಗಿನ ನಾರು ಕುದುರೆಯ ಪಕ್ಕೆಯನ್ನು ಉಜ್ಜೀತು. ಬೆನ್ನು, ಎದೆಗಳನ್ನು ಬಳಸುವ ಪಟ್ಟಿಯ ಬಳೆಗಳಲ್ಲಿ ಹಾಯಿಸಿದ ಹಗ್ಗ ಕಾಲಿಗೆ ತೊಡರುವ ಭಯ ಕಡಿಮೆ. ಹಗ್ಗದ ತುದಿಗಳನ್ನು ಒಂದಕ್ಕೊಂದು ಗಂಟಿಕ್ಕುವುದಾಗಲಿ ಕೈಗೆ ಸುತ್ತಿಕೊಳ್ಳುವುದಾಗಲಿ ಸಲ್ಲದು; ಬೆದರಿದ ಕುದುರೆ ಆಳನ್ನೇ ಎಳೆದೊಯ್ದೀತು. ಮಳೆಯಲ್ಲಿ ನೆನೆದ ಹತ್ತಿಹಗ್ಗ ಭಾರ. ಮಲೆನಾಡಿನಲ್ಲಾದರೆ ಅದನ್ನು ಒಣಗಿಸಲು ಒಲೆಯ ಮೇಲಿನ ಅಟ್ಟವೇ ತಕ್ಕ ಸ್ಥಳ.