ಕಾವೇರಿಯ ಕೊನೆಯ ಮೂವತ್ತು ಅಡಿ

ಬೆಂಗಳೂರಿನ ನಮ್ಮ ಮನೆಯ ಕೊಳಾಯಿ ನೀರನ್ನು ಕುರಿತು ಕಳೆದ ವರ್ಷ ನಾನೊಂದು ದೂರಿನ ಪತ್ರವನ್ನು ಬರೆದೆ. ಪತ್ರ ಬರೆಯುವುದರಲ್ಲಿ ನನಗೆ ಸ್ವಲ್ಪ ಅಭಿಮಾನವುಂಟು. ಅದರಲ್ಲೂ ಕೋಪ ಬಂದಾಗ ನನ್ನ ವಾಕ್ಯಗಳು ಹೆಚ್ಚು ಬಿಗಿಯಾಗುತ್ತವೆಂದು ಸ್ನೇಹಿತರು ಹೇಳುತ್ತಾರೆ. ಆದರೆ ಆ ಪತ್ರ ಅಂಚೆಯ ಪೆಟ್ಟಿಗೆಯನ್ನು ಕಾಣಲಿಲ್ಲ. ಏಕೆ ಕಾಣಲಿಲ್ಲವೆಂಬುದನ್ನು ವಾಚಕರ ಮುಂದೆ ಒಪ್ಪಿಕೊಳ್ಳುವುದೇ ಈ ಲೇಖನದ ಉದ್ದೇಶ.

ನನ್ನ ಮಗಳಿಗೆ ಒಂಬತ್ತು ವರ್ಷ. ಒಂದು ಬೆಳಗ್ಗೆ ಅವಳ ಕಣ್ಣಿನ ಬಿಳಿಭಾಗ ಹಳದಿಯಾಗಿರುವುದನ್ನು ನನ್ನಾಕೆ ಗಮನಿಸಿದಳು. ಅದಕ್ಕೆ ಮೊದಲು ನಾಲ್ಕಾರು ದಿನಗಳಿಂದ ಹುಡುಗಿಗೆ ಊಟ ರುಚಿಸುತ್ತಿರಲಿಲ್ಲ. ಶಾಲೆಗೆ ಹೋಗಲಾರದ ನೆಪವೆಂದು ನಾನೇ ಗದರಿಸಿದ್ದೆ. ವೈದ್ಯರು ರಕ್ತವನ್ನು ಪರೀಕ್ಷಿಸಿ, ಇದು ನೀರು ಮತ್ತು ಆಹಾರದ ಮೂಲಕ ಹರಡುವ ಕಾಮಾಲೆಯೆಂದು ತಿಳಿಸಿದರು. ಆಮೇಲೆ ಅವರು ಕೇಳಿದ ಮೊದಲನೆಯ ಪ್ರಶ್ನೆ: "ನಿಮ್ಮ ಮನೆಯಲ್ಲಿ ಯಾವ ನೀರು ಕುಡಿಯುತ್ತೀರಿ?"

"ಕಾವೇರಿ ನೀರು" ಎಂದೆ. ಹಾಗೆ ಹೇಳುವಾಗ ನನ್ನ ದನಿಯಲ್ಲಿ ಒಂದು ಬಗೆಯ ಗರ್ವವಿದ್ದಿರಬೇಕು. ಕೊಳವೆಬಾವಿಯ ನೀರನ್ನೂ ಟ್ಯಾಂಕರಿನ ನೀರನ್ನೂ ನಂಬಿ ಬದುಕುವ ಬಡಾವಣೆಗಳು ಈ ನಗರದಲ್ಲಿ ಎಷ್ಟೋ ಇರುವಾಗ, ಕಾವೇರಿಯ ಸಂಪರ್ಕವುಳ್ಳವರು ತಮ್ಮನ್ನು ಪುಣ್ಯವಂತರೆಂದೇ ಎಣಿಸುತ್ತಾರೆ. ವೈದ್ಯರು ನಕ್ಕು, "ಕಾವೇರಿ ಸರಿ, ನಿಮ್ಮ ಲೋಟಕ್ಕೆ ಬರುವ ವೇಳೆಗೆ ಅದು ಯಾವ ನೀರಾಗಿರುತ್ತದೆ?" ಎಂದರು.

ಮನೆಗೆ ಬಂದವನೇ ಪತ್ರಕ್ಕೆ ಕುಳಿತೆ. ಅದಕ್ಕೆ ತೂಕ ಬರಲೆಂದು ಊರಿನ ನೀರಿನ ಚರಿತ್ರೆಯನ್ನೂ ಓದಿ ಸೇರಿಸಿದೆ. ಕೆರೆಗಳಿಂದ ಬದುಕಿದ ಊರು ಇದು. ಅಂದಿನ ಧರ್ಮಾಂಬುಧಿ ಕೆರೆ ಇಂದು ಬಸ್ ನಿಲ್ದಾಣ. ಸಂಪಂಗಿ ಕೆರೆ ಕ್ರೀಡಾಂಗಣ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ೧೮೯೦ರ ದಶಕದಲ್ಲಿ, ಅರ್ಕಾವತಿಯ ಹೆಸರಘಟ್ಟದಿಂದ ನಗರಕ್ಕೆ ನೀರು ಬಂದಿತು. ಅದು ಸಾಲದೆ ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ. ಅದೂ ಸಾಲದೆ ೧೯೭೪ರಲ್ಲಿ ಕಾವೇರಿ. ೨೦೨೪ರ ಬೇಸಗೆಯಲ್ಲಿ ನಗರ ನೀರಿಗಾಗಿ ಪಟ್ಟ ಬವಣೆಯನ್ನು ಯಾರೂ ಮರೆತಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತ ತೆರೆದು, ದಿನಕ್ಕೆ ೭೭.೫ ಕೋಟಿ ಲೀಟರು ಹೆಚ್ಚಿನ ನೀರಿಗೆ ದಾರಿಯಾಯಿತು.

ಈ ನೀರಿನ ಪ್ರಯಾಣ ಸಾಮಾನ್ಯವಾದುದಲ್ಲ. ಶಿವನಸಮುದ್ರದ ಆಸುಪಾಸಿನಲ್ಲಿ ನದಿಯಿಂದ ತೆಗೆದ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗುತ್ತದೆ. ಗಾಳಿಯಾಡಿಸಿ, ಪಟಿಕವನ್ನು ಬೆರೆಸಿ ಕೆಸರನ್ನು ಹೆಪ್ಪುಗಟ್ಟಿಸಿ ತಳಕ್ಕಿಳಿಸಿ, ಮರಳಿನ ಹಾಸಿನಲ್ಲಿ ಸೋಸಿ, ಕೊನೆಗೆ ಕ್ಲೋರಿನ್ ಕೂಡಿಸುತ್ತಾರೆ. ಅಲ್ಲಿಂದ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಮೇಲೆತ್ತಿಸಿಕೊಂಡು, ಸುಮಾರು ನೂರು ಕಿಲೋಮೀಟರು ನಡೆದು, ಸುಮಾರು ಐನೂರು ಮೀಟರು ಎತ್ತರವನ್ನೇರಿ ನಮ್ಮ ಬೀದಿಗೆ ಬರುತ್ತದೆ. ತಗ್ಗಿಗೆ ಹರಿಯುವುದು ನೀರಿನ ಧರ್ಮ. ನಾವು ಅದನ್ನು ಬೆಟ್ಟ ಹತ್ತಿಸಿದ್ದೇವೆ. 'ಇಷ್ಟು ಶ್ರಮಪಟ್ಟು ತಂದ ನೀರನ್ನು ಕೊನೆಯಲ್ಲಿ ಕೆಡಿಸುವ ಅಲಕ್ಷ್ಯಕ್ಕೆ ಏನೆನ್ನಬೇಕು?' ಎಂದು ನನ್ನ ಪತ್ರ ಮುಗಿಯುತ್ತಿತ್ತು.

ಮರುದಿನ ಕಾಲೇಜಿನ ವಿಶ್ರಾಂತಿ ಕೊಠಡಿಯಲ್ಲಿ ಅದನ್ನು ರಸಾಯನಶಾಸ್ತ್ರದ ಮಿತ್ರರೊಬ್ಬರಿಗೆ ಓದಿ ತೋರಿಸಿದೆ. ಅವರು ಭಾಷೆಯನ್ನು ಮೆಚ್ಚಿದರು. ಬಳಿಕ, "ನೀರನ್ನು ಪರೀಕ್ಷೆ ಮಾಡಿದಿರಾ?" ಎಂದು ಕೇಳಿದರು. ಮಾಡಿರಲಿಲ್ಲ. ಸಂಜೆ ಅವರೇ ಒಂದು ಪುಟ್ಟ ಪೆಟ್ಟಿಗೆಯನ್ನು ಹಿಡಿದುಕೊಂಡು ಮನೆಗೆ ಬಂದರು. ಅದರಲ್ಲಿ ಒಂದು ಗಾಜಿನ ಕೊಳವೆ, ಆರ್ಥೊಟಾಲಿಡಿನ್ ಎಂಬ ದ್ರವದ ಸೀಸೆ. ನೀರಿನಲ್ಲಿ ಕ್ಲೋರಿನ್ ಉಳಿದಿದ್ದರೆ ಈ ದ್ರವದ ಕೆಲವು ಹನಿಗಳಿಗೆ ನೀರು ಹಳದಿಯಾಗುತ್ತದೆ. ಉಳಿದಿಲ್ಲದಿದ್ದರೆ ಬಣ್ಣ ತಿರುಗುವುದಿಲ್ಲ. ನಮ್ಮ ದೇಶದ ಮಾನಕದ ಪ್ರಕಾರ ಕೊಳಾಯಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ ೦.೨ ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅದು ದಾರಿಯಲ್ಲಿ ಸೇರಬಹುದಾದ ರೋಗಾಣುಗಳ ಎದುರಿಗೆ ನೀರು ತನ್ನೊಡನೆ ತರುವ ಕಾವಲುಗಾರ.

ಅದು ನೀರು ಬಿಡುವ ದಿನ. ಗೇಟಿನ ಬಳಿ, ಮೀಟರಿನ ಪಕ್ಕದ ನಲ್ಲಿಯಿಂದ ಹಿಡಿದ ನೀರಿಗೆ ಮಿತ್ರರು ಹನಿಗಳನ್ನು ಬಿಟ್ಟರು. ನೀರು ಸ್ಪಷ್ಟವಾಗಿ ಹಳದಿಯಾಯಿತು. ಅಡಿಗೆಮನೆಯ ನಲ್ಲಿಯಿಂದ ಹಿಡಿದರು. ಬಣ್ಣ ತಿರುಗಲಿಲ್ಲ. ಇನ್ನೊಮ್ಮೆ ಹಿಡಿದರು, ಆಗಲೂ ಇಲ್ಲ. "ಕಾವಲುಗಾರ ನಿಮ್ಮ ಗೇಟಿನವರೆಗೆ ಬಂದಿದ್ದಾನೆ. ಒಳಗೆ ಏನಾದ ನೋಡೋಣ" ಎಂದರು.

ಗೇಟಿಗೂ ಅಡಿಗೆಮನೆಗೂ ನಡುವೆ ಇರುವುದು ಮೂವತ್ತು ಅಡಿ ಅಂಗಳ, ಅದರೊಳಗೆ ನಾವೆಲ್ಲ ಸಂಪು ಎಂದು ಕರೆಯುವ ನೆಲದಡಿಯ ತೊಟ್ಟಿ. ಕಲ್ಲುಚಪ್ಪಡಿಯನ್ನು ಸರಿಸಿ, ನೀರನ್ನೆಲ್ಲ ತೆಗೆಸಿ ದೀಪ ಹಿಡಿದು ನೋಡಿದೆವು. ತಳದಲ್ಲಿ ಬೆರಳುದ್ದದ ಕೆಸರು. ಒಂದು ಗೋಡೆಯ ಬಿರುಕಿನಿಂದ ತೆಂಗಿನ ಬೇರುಗಳು ಗಡ್ಡದಂತೆ ಇಳಿಬಿದ್ದಿದ್ದವು. ಆ ಗೋಡೆಯ ಆಚೆಗೆ, ಮೊಳದೂರದಲ್ಲಿ, ನಮ್ಮದೇ ಬಚ್ಚಲು ಪಾಯಿಖಾನೆಗಳ ಕೊಳವೆ ಹಾದುಹೋಗುತ್ತದೆ. ಅದರ ಕೀಲೂ ಸಡಿಲವಾಗಿತ್ತು. ತೊಟ್ಟಿಯನ್ನು ಕೊನೆಯ ಸಲ ತೊಳೆಸಿದ್ದು ಯಾವಾಗೆಂದು ಮಿತ್ರರು ಕೇಳಿದರು. ನನಗೂ ನೆನಪಿರಲಿಲ್ಲ, ನನ್ನಾಕೆಗೂ ನೆನಪಿರಲಿಲ್ಲ. ನೂರು ಕಿಲೋಮೀಟರು ನಿರ್ಮಲವಾಗಿ ಬಂದ ಕಾವೇರಿಯನ್ನು ಕೊನೆಯ ಮೂವತ್ತು ಅಡಿಯಲ್ಲಿ ಕೆಡಿಸಿದವನು ನಾನು.

ಮಗಳ ಕಾಮಾಲೆ ಈ ತೊಟ್ಟಿಯಿಂದಲೇ ಬಂತೆಂದು ಪ್ರಮಾಣ ಮಾಡಿ ಹೇಳಲಾರೆ. ರೋಗಾಣು ದೇಹವನ್ನು ಸೇರಿ ಮೂರು ನಾಲ್ಕು ವಾರಗಳಾದ ಮೇಲೆ ಕಣ್ಣು ಹಳದಿಯಾಗುವುದು ಸಾಮಾನ್ಯ, ಅಷ್ಟರಲ್ಲಿ ಹುಡುಗಿ ಎಲ್ಲೆಲ್ಲಿ ಏನೇನು ತಿಂದಿದ್ದಳೋ! ಆದರೆ ನನ್ನ ತೊಟ್ಟಿ ನಿರಪರಾಧಿಯೆಂದೂ ಹೇಳಲಾರೆ. ಬತ್ತಿಯ ಸೋಸುಗವೊಂದು ಅಡಿಗೆಮನೆಯಲ್ಲಿದ್ದುದರಿಂದ ನಾವು ನಿಶ್ಚಿಂತರಾಗಿದ್ದೆವು. ಆ ಬತ್ತಿ ಮಣ್ಣನ್ನು ತಡೆಯುತ್ತದೆ. ಕಾಮಾಲೆಯ ವೈರಾಣು ಅದರ ರಂಧ್ರಗಳಿಗಿಂತ ಎಷ್ಟೋ ಪಾಲು ಸಣ್ಣದು.

ಹಾಗೆಂದು ತಪ್ಪೆಲ್ಲವೂ ಗೃಹಸ್ಥನದೇ ಎಂದು ತೀರ್ಮಾನಿಸಿದರೆ ಅದು ಇನ್ನೊಂದು ಅನ್ಯಾಯವಾದೀತು. ನಾವು ತೊಟ್ಟಿ ಕಟ್ಟಿಕೊಂಡದ್ದು ಹವ್ಯಾಸಕ್ಕಲ್ಲ. ನೀರು ದಿನವೂ ಎಲ್ಲ ಹೊತ್ತೂ ಬಾರದೆಂಬ ಕಾರಣಕ್ಕೆ. ಬಿಟ್ಟು ಬಿಟ್ಟು ಬರುವ ನೀರಿನಿಂದ ಇನ್ನೂ ದೊಡ್ಡ ಕೇಡೊಂದುಂಟು. ಕೊಳವೆಯಲ್ಲಿ ನೀರು ಒತ್ತಡದಿಂದ ತುಂಬಿರುವಾಗ ಬಿರುಕಿನಿಂದ ಒಳಗಿನ ನೀರು ಹೊರಕ್ಕೆ ಸೋರುತ್ತದೆ. ನೀರು ನಿಂತು ಒತ್ತಡ ಇಳಿದೊಡನೆ ಅದೇ ಬಿರುಕು ಬಾಯಾಗಿ, ಸುತ್ತಲಿನ ಚರಂಡಿಯ ಕೊಳೆಯನ್ನು ಒಳಕ್ಕೆ ಹೀರುತ್ತದೆ. ಹುಬ್ಬಳ್ಳಿ-ಧಾರವಾಡದ ಕೆಲವು ಭಾಗಗಳಲ್ಲಿ ದಿನದ ೨೪ ಗಂಟೆಯೂ ನೀರು ಕೊಡುವ ವ್ಯವಸ್ಥೆ ಬಂದ ಮೇಲೆ, ಸಂಶೋಧಕರು ಆ ಭಾಗಗಳ ಕೊಳಾಯಿಗಳನ್ನೂ ಬಿಟ್ಟು ಬಿಟ್ಟು ನೀರು ಬರುವ ಭಾಗಗಳ ಕೊಳಾಯಿಗಳನ್ನೂ ಹೋಲಿಸಿ ನೋಡಿದರು. ಎರಡನೆಯ ಬಗೆಯವುಗಳಲ್ಲಿ ಮಲಿನತೆ ಹೆಚ್ಚಾಗಿ ಕಂಡಿತು. ನೀರು ಬಿಟ್ಟಾಗ ಮೊದಲು ಬರುವ ಧಾರೆಯಲ್ಲಿ ವಿಶೇಷವಾಗಿ. ಆದ್ದರಿಂದ ನಗರಗಳಲ್ಲಿ ಒಳ್ಳೆಯ ನೀರೆಂದರೆ ಶುದ್ಧೀಕರಣದ ಪ್ರಶ್ನೆ ಮಾತ್ರವಲ್ಲ, ನಿಲ್ಲದ ಒತ್ತಡದ ಪ್ರಶ್ನೆಯೂ ಹೌದು. ಈ ಮಾತನ್ನು ಅಧಿಕಾರದಲ್ಲಿರುವವರಿಗೆ ನಾವು ಮತ್ತೆ ಮತ್ತೆ ಹೇಳಬೇಕು. ಆದರೆ ತನ್ನ ತೊಟ್ಟಿಯನ್ನು ತೊಳೆದವನ ಬಾಯಲ್ಲಿ ಆ ಮಾತಿಗೆ ಹೆಚ್ಚು ಬೆಲೆ.

ನಾನು ಮಾಡಿದ್ದಿಷ್ಟು: ಬಚ್ಚಲಿನ ಕೊಳವೆಯನ್ನು ದೂರಕ್ಕೆ ಸರಿಸಿದೆ. ತೊಟ್ಟಿಯ ಗೋಡೆಗೆ ಗಾರೆ ಹಾಕಿಸಿ, ಮುಚ್ಚಳವನ್ನು ನೆಲಮಟ್ಟಕ್ಕಿಂತ ಅರ್ಧ ಅಡಿ ಎತ್ತರಿಸಿದೆ. ಆರು ತಿಂಗಳಿಗೊಮ್ಮೆ ತೊಟ್ಟಿಗಳೆರಡನ್ನೂ ತೊಳೆಸುತ್ತೇನೆ. ತೊಳೆಸಿದ ಮೇಲೆ, ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಹೊಸ ಬ್ಲೀಚಿಂಗ್ ಪುಡಿಯನ್ನು ಬೆರೆಸಿ ಒಂದು ಗಂಟೆ ಬಿಡುತ್ತೇನೆ. ಕುಡಿಯುವ ನೀರು ಕಳಕಳನೆ ಕುದಿಯಬೇಕು, ಬಿಸಿಯಾದರೆ ಸಾಲದು. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ಆದರೆ ಕೊಳವೆಬಾವಿಯ ನೀರಿನ ಫ್ಲೋರೈಡ್, ನೈಟ್ರೇಟ್‌ಗಳು ಹೋಗುವುದಿಲ್ಲ. ಆ ನೀರನ್ನು ಬಳಸುವವರು ಪ್ರಯೋಗಶಾಲೆಯ ಪರೀಕ್ಷೆಯನ್ನು ಮಾಡಿಸಿಯೇ ಉಪಾಯವನ್ನು ಆರಿಸಿಕೊಳ್ಳಬೇಕು.

ನಮ್ಮ ಹಿರಿಯರು ಬಗ್ಗಡದ ನೀರಿಗೆ ಕತಕದ ಬೀಜವನ್ನು ತೇದು ಹಾಕಿ ತಿಳಿಯಾಗಿಸುತ್ತಿದ್ದರು. ಆ ಬೀಜವನ್ನು ಹೆಸರಿಸಿದ ಮಾತ್ರಕ್ಕೆ ನೀರು ತಿಳಿಯಾಗದೆಂಬ ದೃಷ್ಟಾಂತವೊಂದು ಹಳೆಯ ಧರ್ಮಶಾಸ್ತ್ರದಲ್ಲಿದೆ. ತರಗತಿಯಲ್ಲಿ ಅದನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಕಾವೇರಿಯ ಹೆಸರು ಹೇಳಿ ನೀರು ಕುಡಿಯುತ್ತಿದ್ದವನಿಗೆ ಅದರ ಅರ್ಥ ಹೊಳೆಯಲು ಮಗಳು ಆರು ವಾರ ಹಾಸಿಗೆ ಹಿಡಿಯಬೇಕಾಯಿತು.

ಈಗ ಅವಳು ಚೆನ್ನಾಗಿದ್ದಾಳೆ. ತಿಂಗಳಿಗೊಮ್ಮೆ ಭಾನುವಾರದ ದಿನ ನಾನು ಅಡಿಗೆಮನೆಯ ನೀರಿಗೆ ಆ ಹನಿಗಳನ್ನು ಬಿಡುತ್ತೇನೆ. ಮದ್ದನ್ನು ಮುಟ್ಟಬಾರದೆಂದು ಅವಳು ದೂರದಲ್ಲಿಯೇ ನಿಂತು ನೋಡುತ್ತಾಳೆ. "ಹಳದಿ ಬಂತು!" ಎಂದು ಕೂಗುತ್ತಾಳೆ. ಅವಳ ಕಣ್ಣಿನಲ್ಲಿ ಕಂಡು ಬೆದರಿದ್ದ ಬಣ್ಣವನ್ನು ಗಾಜಿನ ಕೊಳವೆಯಲ್ಲಿ ಕಂಡು ನಾವು ಸಮಾಧಾನಪಡುತ್ತೇವೆ. ಆ ನೀರನ್ನು ಚರಂಡಿಗೆ ಚೆಲ್ಲಿ, ಒಲೆಯ ಮೇಲೆ ಬೇರೆ ನೀರಿಡುತ್ತೇವೆ.